ನೆಗೆಟಿವ್‌ನ ಸಾಂದ್ರತೆ ಮತ್ತು ಶಾಸನಪಾಠದ ತ್ರುಟಿತ

ಶಾಸನಪಾಠದಲ್ಲಿ ಅಕ್ಷರವೊಂದು ಓದಲು ಬಾರದಾಗ ಚುಕ್ಕಿಗಳನ್ನಿಟ್ಟು ತ್ರುಟಿತವೆಂದು ಸೂಚಿಸುವುದು ನಮ್ಮ ಸಂಪಾದನೆಯ ರೂಢಿ. ಅಕ್ಷರ ಅಳಿದದ್ದು ಕಲ್ಲಿನಲ್ಲೋ ಪಡಿಯಚ್ಚಿನಲ್ಲೋ ಎಂಬ ವಿವೇಚನೆಯೂ ನಮ್ಮಲ್ಲಿದೆ. ಈಗ ಮೂರನೆಯ ಬಗೆಯೊಂದು ಸೇರಿಕೊಂಡಿದೆ: ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುವಾಗ ಅಳಿಯುವ ಅಕ್ಷರ. ಇದನ್ನು ಸಂಶೋಧಕರು ಗಂಭೀರವಾಗಿ ಪರಿಗಣಿಸಬೇಕೆಂಬುದು ನನ್ನ ಅಭಿಪ್ರಾಯ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಅಧ್ಯಯನಕ್ಕೆ ಛಾಯಾಚಿತ್ರ ಮಹತ್ವದ ಆಕರ. ರಟ್ಟರ ಸುಗಂಧವರ್ತಿಯೇ ಇಂದಿನ ಸವದತ್ತಿ. ಸೊಗಲ, ಹೂಲಿ, ತೊರಗಲ್ಲುಗಳ ದೇವಾಲಯಗಳೂ ಕಿತ್ತೂರಿನ ಕೋಟೆಯ ಅವಶೇಷಗಳೂ ಈ ಸೀಮೆಯಲ್ಲಿವೆ. ರಟ್ಟರ ಶಾಸನಗಳನ್ನು ಸಂಪಾದಿಸಿದ ಫ್ಲೀಟರೇ 1878ರಲ್ಲಿ ಪಾಳಿ, ಸಂಸ್ಕೃತ, ಹಳಗನ್ನಡ ಶಾಸನಗಳ ಛಾಯಾಚಿತ್ರಸಂಪುಟವನ್ನು ಹೊರತಂದರು.

ಸವದತ್ತಿ ತಾಲೂಕಿನ ಶಾಸನವೊಂದರ ಕಪ್ಪುಬಿಳುಪು ನೆಗೆಟಿವನ್ನು ನಾನು ಸ್ಟುಡಿಯೊ ಒಂದರಲ್ಲಿ ಸ್ಕ್ಯಾನ್ ಮಾಡಿಸಿದಾಗ, ಬಿಸಿಲು ಬಿದ್ದ ಬಲಬದಿಯ ಸಾಲುಗಳ ಕೊನೆ ಬರಿಯ ಬಿಳಿಯಾಗಿ ಬಂದಿತು. ಅಲ್ಲಿ ತ್ರುಟಿತವೆಂದೇ ಗುರುತಿಸಿದೆ. ಅನಂತರ ಅದೇ ನೆಗೆಟಿವನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಭೂತಗನ್ನಡಿಯಿಂದ ನೋಡಿದರೆ ಅಕ್ಷರಗಳು ಅಲ್ಲಿಯೇ ಇದ್ದವು.

ಕಾರಣವನ್ನು ತಿಳಿಯಲು ಸಾಂದ್ರತೆಯ ಅಳತೆಯನ್ನು ಅರಿಯಬೇಕು. ಫಿಲ್ಮಿನ ಮೇಲೆ ಬಿದ್ದ ಬೆಳಕಿನ ಹತ್ತನೆಯ ಒಂದು ಪಾಲು ಆಚೆಗೆ ದಾಟಿದರೆ ಅಲ್ಲಿನ ಸಾಂದ್ರತೆ 1, ನೂರರಲ್ಲೊಂದು ಪಾಲಾದರೆ 2, ಸಾವಿರದಲ್ಲೊಂದಾದರೆ 3. ಅತಿ ತೆಳುವಾದ ಮತ್ತು ಅತಿ ದಟ್ಟವಾದ ಭಾಗಗಳ ಅಂತರವೇ ಸಾಂದ್ರತೆಯ ವ್ಯಾಪ್ತಿ. ನೆಗೆಟಿವ್‌ನಲ್ಲಿ ಬಿಸಿಲು ಬಿದ್ದ ಕಲ್ಲು ದಟ್ಟವಾಗಿಯೂ ನೆರಳು ತೆಳುವಾಗಿಯೂ ಇರುತ್ತದೆ. ಸರಿಯಾಗಿ ಸಂಸ್ಕರಿಸಿದ ಕಪ್ಪುಬಿಳುಪು ನೆಗೆಟಿವ್‌ನ ವ್ಯಾಪ್ತಿ ಸಾಮಾನ್ಯವಾಗಿ 2ನ್ನು ಮೀರದು. ಆದ್ದರಿಂದ ಸ್ಕ್ಯಾನರಿನ ಜಾಹೀರಾತಿನ 4.8ರಂಥ ಅಂಕಿಗೆ ಮರುಳಾಗಬೇಕಿಲ್ಲ; 16 ಬಿಟ್‌ನ 65,536 ಮೆಟ್ಟಿಲುಗಳ ಲಘುಗಣಕವೂ ಅಷ್ಟೇ, ಅದು ಯಂತ್ರದ ನಿಜವಾದ ಸಾಮರ್ಥ್ಯವಲ್ಲ. ಲೋಪವಿರುವುದು ಬಳಕೆಯ ಕ್ರಮದಲ್ಲಿ. ಚಿತ್ರ ಕಣ್ಣಿಗೆ ಹೊಳಪಾಗಿ ಕಾಣಲೆಂದು ತಂತ್ರಾಂಶ ತಾನಾಗಿಯೇ ಎರಡೂ ತುದಿಗಳನ್ನು ಕತ್ತರಿಸುತ್ತದೆ. ಉಳಿದುದನ್ನು 8 ಬಿಟ್‌ನ 256 ಮೆಟ್ಟಿಲುಗಳಿಗೆ ಇಳಿಸುತ್ತದೆ. ಸವೆದ ಅಕ್ಷರ ಉಳಿದಿರುವುದೇ ಛಾಯೆಯ ಅಲ್ಪ ವ್ಯತ್ಯಾಸದಲ್ಲಿ. ಮೊದಲು ಹೋಗುವುದೂ ಅದೇ.

ಮೂಲಶಿಲೆಯನ್ನೇ ನೋಡಬಹುದಲ್ಲ ಎಂಬ ಆಕ್ಷೇಪ ಸಹಜ. ಆದರೆ ಸುಣ್ಣ, ಎಣ್ಣೆ, ಬಣ್ಣಗಳಿಂದ ಶಿಲೆ ಮಾಸಿದ ಕಡೆ ಹಳೆಯ ನೆಗೆಟಿವ್ ಕಲ್ಲಿಗಿಂತ ಹಿಂದಿನ ಸಾಕ್ಷಿ.

ಆದುದರಿಂದ ಮುದ್ರಿತ ಪ್ರತಿಯನ್ನಲ್ಲ, ನೆಗೆಟಿವನ್ನೇ ಹಿಂಬೆಳಕಿನಲ್ಲಿ ಸ್ಕ್ಯಾನ್ ಮಾಡಬೇಕು. ತಾನಾಗಿ ತಿದ್ದುವ ವ್ಯವಸ್ಥೆಯನ್ನು ನಿಲ್ಲಿಸಿ, ಚಿತ್ರವಿಲ್ಲದ ಫಿಲ್ಮಿನ ಅಂಚೂ ಸೇರುವಂತೆ 16 ಬಿಟ್‌ನ ಟಿಫ್ ಕಡತವಾಗಿ ಉಳಿಸಬೇಕು. ಆ ಅಂಚೇ ತೆಳುತುದಿಯ ಅಳತೆಗೋಲು. ಎಲ್ಲಕ್ಕಿಂತ ಮುಖ್ಯವಾಗಿ, ಪಾಠವನ್ನು ಶಿಲೆಯಿಂದ ಓದಿದ್ದೋ, ಪಡಿಯಚ್ಚು, ನೆಗೆಟಿವ್, ಸ್ಕ್ಯಾನ್‌ಗಳಲ್ಲಿ ಯಾವುದರಿಂದ ಓದಿದ್ದೋ ಎಂಬುದನ್ನು ಸಂಪಾದಕರು ನಮೂದಿಸಬೇಕು. ಯಂತ್ರ ಅಳಿಸಿದ ಅಕ್ಷರಕ್ಕೆ ಕಾಲವನ್ನು ಹೊಣೆಯಾಗಿಸುವುದು ಶಾಸ್ತ್ರಸಮ್ಮತವಲ್ಲ.