ಮುದ್ದೆ ರಸ್ತೆ, ಪುರಿ ಉಂಡೆ ರಸ್ತೆ

ಕೋಲಾರದಿಂದ ನರಸಾಪುರದ ಫ್ಯಾಕ್ಟರಿಗೋ ಬೆಂಗಳೂರಿಗೋ ದಿನಾ ಓಡಾಡುವವರಿಗೆ ಸೆಪ್ಟೆಂಬರ್, ಅಕ್ಟೋಬರ್ ಸಂಜೆಮಳೆ ಗೊತ್ತೇ ಇದೆ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಮುಂದಿನ ಲಾರಿ ಎರಚುವ ನೀರಲ್ಲಿ ಅದರ ಕೆಂಪು ಲೈಟೇ ಕಾಣಲ್ಲ. ಟೈರಿಗೂ ರಸ್ತೆಗೂ ನಡುವೆ ನೀರು ಸೇರಿಕೊಂಡರಂತೂ ಬ್ರೇಕ್ ಹಿಡಿದರೂ ಗಾಡಿ ಮಾತು ಕೇಳಲ್ಲ.

ಇದಕ್ಕೊಂದು ಉಪಾಯ ‘ಪೋರಸ್ ಆಸ್ಫಾಲ್ಟ್’, ಅಂದ್ರೆ ನೀರು ಇಳಿಯುವ ಟಾರು. ಮಾಮೂಲಿ ಟಾರು ರಸ್ತೆ ನಮ್ಮ ರಾಗಿ ಮುದ್ದೆ ಇದ್ದ ಹಾಗೆ, ಗಟ್ಟಿ. ಒಳಗೆ ಖಾಲಿ ಜಾಗ ಶೇ. 3ರಿಂದ 5ರಷ್ಟು. ಇದು ಪುರಿ ಉಂಡೆ ಥರ. ಜಲ್ಲಿಪುಡಿ ಕಡಿಮೆ ಮಾಡಿ, ಹೆಚ್ಚುಕಡಿಮೆ ಒಂದೇ ಗಾತ್ರದ ಜಲ್ಲಿಯನ್ನು ಟಾರಿನಲ್ಲಿ ಅಂಟಿಸಿರ್ತಾರೆ. ಖಾಲಿ ಜಾಗ ಶೇ. 20ರ ಆಸುಪಾಸು. ಮಳೆನೀರು ಆ ಸಂದಿಗಳಲ್ಲಿ ಇಳಿದು, ಕೆಳಗಿನ ಗಟ್ಟಿ ಪದರದ ಮೇಲೆ ಪಕ್ಕಕ್ಕೆ ಹರಿದು ಚರಂಡಿ ಸೇರುತ್ತೆ. ನೀರೂ ಎರಚಲ್ಲ, ಟೈರಿನ ಸದ್ದೂ ಕಡಿಮೆ. ನೆದರ್ಲೆಂಡ್ಸ್‌ನ ಬಹುಪಾಲು ಹೆದ್ದಾರಿಗಳಿಗೆ ಇದೇ ಹೊದಿಕೆ.

ಹಾಗಾದ್ರೆ ನಮ್ಮಲ್ಲೂ ಹಾಕಿಬಿಡಲಿ ಅಂತೀರಾ? ಸ್ವಲ್ಪ ತಾಳಿ. ಇದರ ಶತ್ರು ಧೂಳು. ವೇಗದ ಹೆದ್ದಾರಿಯಲ್ಲಾದರೆ ಮಳೆ ಬಂದಾಗ ಟೈರುಗಳೇ ನೀರು ಒತ್ತಿ ಸಂದಿಗಳನ್ನು ಒಂದಿಷ್ಟು ತೊಳೆಯುತ್ತವೆ. ಮಾಲೂರಿನ ಇಟ್ಟಿಗೆ ಲಾರಿ, ಶ್ರೀನಿವಾಸಪುರದ ಮಾವಿನ ಸೀಸನ್ನಿನ ಟ್ರ್ಯಾಕ್ಟರ್ ನಿಧಾನಕ್ಕೆ ಸಾಗುವ ರಸ್ತೆಯಲ್ಲಿ ಆ ಅನುಕೂಲ ಇಲ್ಲ. ಹೊಲದ ಕೆಂಪುಮಣ್ಣು ಸಂದಿಗಳಲ್ಲಿ ಕೂತರೆ ಪುರಿ ಉಂಡೆಯೂ ಮುದ್ದೆಯೇ! ಲಾರಿಗಳು ತಿರುಗುವ ಕಡೆ ಜಲ್ಲಿ ಬೇಗ ಕಿತ್ತೂ ಬರುತ್ತೆ. ಮುಳಬಾಗಿಲು ಕಡೆಯ ಹೆದ್ದಾರಿಗೆ ಒಪ್ಪಬಹುದಾದದ್ದು ಊರೊಳಗಿನ ಮಾರ್ಕೆಟ್ ರಸ್ತೆಗೆ ಒಪ್ಪಲ್ಲ.

ಆದರೆ ಎರಡಕ್ಕೂ ಬೇಕಾದದ್ದು ಒಂದೇ: ನೀರು ಹೊರಗೆ ಹೋಗೋ ದಾರಿ. ರಸ್ತೆ ನಡುವಿನಿಂದ ಅಂಚಿಗೆ ಪ್ರತಿ ಮೀಟರಿಗೆ 2ರಿಂದ 2.5 ಸೆಂ.ಮೀ. ಇಳಿಜಾರು ಇರಬೇಕು. ಅಂಚಿನ ಮಣ್ಣು ರಸ್ತೆಗಿಂತ ಎತ್ತರ ಇರಬಾರದು. ಚರಂಡಿ ತೆರೆದಿರಬೇಕು. ಇವು ಸರಿಯಿಲ್ಲದಿದ್ದರೆ ಎಷ್ಟು ದುಬಾರಿ ಟಾರು ಹಾಕಿದರೂ ನೀರು ಅಲ್ಲೇ ನಿಲ್ಲುತ್ತೆ.

ಮಳೆ ನಿಂತ ಮೇಲೆ ನೀವು ಓಡಾಡೋ ರಸ್ತೆಯ ಅಂಚು ನೋಡಿ. ನೀರು ನಿಂತಿದ್ದರೆ, ಗಾಡಿ ಪಕ್ಕಕ್ಕೆ ನಿಲ್ಲಿಸಿ ಫೋಟೋ ತೆಗೀರಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಿ, ಊರೊಳಗಾದರೆ ನಗರಸಭೆಗೋ ಪುರಸಭೆಗೋ ದೂರು ಕೊಡಿ. ಒಂದು ಸಲಿಕೆ ಮಣ್ಣು ತೆಗೆದರೆ ಮುಗಿಯೋ ಕೆಲಸಕ್ಕೆ ಯಾರ ಮನೆಯಲ್ಲೂ ಕಣ್ಣೀರು ಬೇಡ.