ಎಂಜಿನ್ ಹೊಸದು, ಬ್ರೇಕು ಅಜ್ಜನ ಕಾಲದ್ದು!

ಮಲೆನಾಡಿನ ಗ್ಯಾರೇಜುಗಳ ಹಿತ್ತಲಲ್ಲಿ ಹಳೇ ಜೀಪೊಂದು ಬಾನೆಟ್ ಬಿಚ್ಚಿಕೊಂಡು ನಿಂತಿರುವುದು ಹೊಸ ನೋಟವೇನಲ್ಲ. ಚೈನ್ ಪುಲ್ಲಿಯಲ್ಲಿ ಪೆಟ್ರೋಲ್ ಎಂಜಿನ್ ಮೇಲೇಳುತ್ತದೆ. ಗುಜರಿಯಿಂದ ಬಂದ ಡೀಸೆಲ್ ಎಂಜಿನ್ ಅದರ ಜಾಗಕ್ಕೆ ಇಳಿಯುತ್ತದೆ. ಸುತ್ತ ನಾಲ್ಕು ಜನ, ನಲವತ್ತು ಸಲಹೆ. ‘ಇನ್ನು ಇಪ್ಪತ್ತು ವರ್ಷ ಚಿಂತೆಯಿಲ್ಲ ಬಿಡಿ ಗೌಡ್ರೇ’ ಅಂತಾನೆ ಮೆಕ್ಯಾನಿಕ್.

ಚಿಂತೆ ಇದೆ. ಅದು ಶುರುವಾಗುವುದು ಘಾಟಿ ಇಳಿಯುವಾಗ.

ಎಂಜಿನ್ ಬದಲಿಸುವವರನ್ನು ದೂರುವಂತಿಲ್ಲ. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸಲು ತೊಡಗಿದ ವಿಲ್ಲಿಸ್ ಜೀಪು ಬೆಟ್ಟದೂರುಗಳಿಗೆ ಕಾಲು ಕೊಟ್ಟ ಗಾಡಿ. ಕೊಡಚಾದ್ರಿಯ ದಾರಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅದರ 2.2 ಲೀಟರಿನ ಹರಿಕೇನ್ ಎಂಜಿನ್ ಪೆಟ್ರೋಲ್ ಕುಡಿಯುವುದರಲ್ಲಿ ಎತ್ತಿದ ಕೈ. ಬಿಡಿಭಾಗಕ್ಕೆ ಊರೂರು ಅಲೆಯಬೇಕು. ಪ್ಯೂಜೊ ಮೂಲದ 2.1 ಲೀಟರಿನ ಡೀಸೆಲ್ ಎಂಜಿನ್ ಕೂರಿಸಿದರೆ ಗಾಡಿ ಬದುಕಿತು, ಜೇಬೂ ಉಳಿಯಿತು.

ಆದರೆ ಲೆಕ್ಕ ಅಲ್ಲಿಗೇ ಮುಗಿಯೋದಿಲ್ಲ. ಡೀಸೆಲ್ ಎಂಜಿನ್ ಸಾಮಾನ್ಯವಾಗಿ ಭಾರ. ಮುಂದಿನ ಪಟ್ಟಿಗಳು ಜಗ್ಗುತ್ತವೆ. ಮೌಂಟಿಂಗಿನ ಬೆಸುಗೆ ಕಚ್ಚಾ ಆದರೆ ಚಾಸಿ ಸೀಳುತ್ತದೆ. ನಾಲ್ಕು ಚಕ್ರಕ್ಕೂ ಅದೇ ಹಳೇ ಡ್ರಮ್ ಬ್ರೇಕು! ಆಗುಂಬೆಯ ಹದಿನಾಲ್ಕು ತಿರುವಲ್ಲಿ ಒತ್ತುತ್ತಾ ಇಳಿದರೆ ಡ್ರಮ್ಮು ಕಾದು ಹಿಡಿತ ಬಿಡುತ್ತದೆ. ಹಳ್ಳ ದಾಟಿ ನೀರು ಹೊಕ್ಕರೂ ಅದೇ ಕತೆ. ಎಂಜಿನ್ನಿಗೆ ಸಾವಿರಗಟ್ಟಲೆ ಸುರಿದ ಧಣಿ ಬ್ರೇಕಿನ ಮಾತೆತ್ತಿದರೆ ‘ಮುಂದಿನ ಕೊಯ್ಲಿಗೆ ನೋಡೋಣ’ ಅಂತಾರೆ. ಹತ್ತುವ ಶಕ್ತಿಗೆ ದುಡ್ಡುಂಟು, ನಿಲ್ಲುವ ಶಕ್ತಿಗೆ ಇಲ್ಲವೆಂದರೆ ಏನರ್ಥ?

ಕಾನೂನು ಏನನ್ನುತ್ತದೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಅಕ್ರಮ ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. 2021ರ ವಿಂಟೇಜ್ ನಿಯಮ ಐವತ್ತು ವರ್ಷ ದಾಟಿದ ಗಾಡಿಗೆ ಮರ್ಯಾದೆ ಕೊಟ್ಟಿತು, ನಿಜ. ಆದರೆ ಎಂಜಿನ್ ಬದಲಾದ ಗಾಡಿಗೆ ಅಲ್ಲಿ ಪ್ರವೇಶವಿಲ್ಲ.

ಹೀಗಾಗಿ ಜೀಪು ಕಳ್ಳನಂತೆ ಓಡಾಡುತ್ತದೆ. ಆರ್.ಸಿ.ಯಲ್ಲಿ ಪೆಟ್ರೋಲು, ಟ್ಯಾಂಕಿನಲ್ಲಿ ಡೀಸೆಲು! ಅಪಘಾತವಾದ ದಿನ ವಿಮೆಯವರು ತಕರಾರು ತೆಗೆಯಲು ಇದೊಂದೇ ಸಾಕು. ಮುಚ್ಚಿಟ್ಟು ಓಡಿಸುವ ಗಾಡಿಯ ಬ್ರೇಕು ಪರೀಕ್ಷಿಸುವವರಾದರೂ ಯಾರು?

ನಿರ್ದಿಷ್ಟ ಉದ್ದೇಶಕ್ಕೆ ವಿನಾಯಿತಿ ಕೊಡಲು ಕೇಂದ್ರ ಸರ್ಕಾರಕ್ಕೆ ಅದೇ 52ನೇ ಕಲಮಿನಲ್ಲಿ ಅಧಿಕಾರವಿದೆ. ಗುಡ್ಡಗಾಡಿನ ದುಡಿಮೆಯ ಗಾಡಿಗಳಿಗೆ ಅದನ್ನು ಬಳಸಲಿ. ತೂಕ, ಬೆಸುಗೆ, ಬ್ರೇಕು, ಹೊಗೆ ಪರೀಕ್ಷಿಸಿ, ಪಾಸಾದದ್ದಕ್ಕೆ ಹೊಸ ಎಂಜಿನ್ ನಂಬರು ಬರೆದುಕೊಡಲಿ. ಫೇಲಾದದ್ದನ್ನು ರಸ್ತೆಗೆ ಬಿಡದಿರಲಿ. ಜಿಲ್ಲೆಯ ಸಂಸದರು ದೆಹಲಿಯಲ್ಲಿ ಈ ಮಾತೆತ್ತಿದರೆ ಗಂಟೇನೂ ಹೋಗದು.

ಅಲ್ಲಿಯವರೆಗೆ ಜೀಪಿನ ಧಣಿಗಳು ಅದೇ ಜಾತಿಯ ಎಂಜಿನ್ ಹಾಕಿಸಲಿ, ಕಾಯ್ದೆ ಹೇಳಿದಂತೆ ಹದಿನಾಲ್ಕು ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಲಿ. ಅದಕ್ಕೂ ಮೊದಲು ಬ್ರೇಕು ಮಾಡಿಸಲಿ. ಘಾಟಿಯ ತಿರುವಿನಲ್ಲಿ ಎದುರಿಗೆ ಬರುವುದು ಶಾಲೆ ಮಕ್ಕಳ ವ್ಯಾನೂ ಆಗಿರಬಹುದು.