ಕುಣಿಯಲು ಜಾಗ ಕೊಡಿ

"ಮೊಬೈಲ್ ಬಂದಮೇಲೆ ಆ ಕುಣಿಯುವ ಯಂತ್ರಗಳ ಕಾಲ ಮುಗಿಯಿತು" ಎಂದು ತೀರ್ಪು ಕೊಡುವವರನ್ನು ಕಂಡರೆ ನನಗೆ ರೇಗುತ್ತದೆ. ಜಪಾನಿನ ಕೊನಾಮಿ ಕಂಪೆನಿ 1998ರಲ್ಲಿ 'ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್' ಎಂಬ ಆಟವನ್ನು ಅಲ್ಲಿನ ಆಟದಂಗಡಿಗಳಿಗೆ ತಂದಿತು. ಪರದೆಯ ಮೇಲೆ ಬಾಣದ ಗುರುತು ಏರಿ ಬಂದಂತೆ, ತಾಳ ತಪ್ಪದೆ, ಕಾಲಡಿಯ ನಾಲ್ಕು ಬಾಣಗಳಲ್ಲಿ ಸರಿಯಾದುದನ್ನು ತುಳಿಯಬೇಕು. ನಮ್ಮ ಕುಂಟೆಬಿಲ್ಲೆಗೆ ಕರೆಂಟು ಕೊಟ್ಟಂತೆ ಅನ್ನಿ!

ಇದನ್ನು ಹೊಸ ತಂತ್ರಜ್ಞಾನ ಕೊಲ್ಲುತ್ತದಂತೆ. ಮೈಕ್ರೋಸಾಫ್ಟಿನವರು 2010ರಲ್ಲಿ ಕಿನೆಕ್ಟ್ ತಂದರು. ಮನೆಯಲ್ಲೇ ಕ್ಯಾಮೆರಾದೆದುರು ಕುಣಿಯಬಹುದು, ತುಳಿಯುವ ಹಲಗೆಯ ಹಂಗಿಲ್ಲ. 2017ರಲ್ಲಿ ಅದರ ತಯಾರಿಕೆಯೇ ನಿಂತಿತು. ಹಳೆಯ ಆಟಕ್ಕೋ, 2024ರಲ್ಲೂ ಜಪಾನಿನಲ್ಲಿ ಹೊಸ ಆವೃತ್ತಿ ಬಂತು. ಯಾಕೆ ಗೊತ್ತೆ? ಕಾಲಿಗೆ ಗಟ್ಟಿ ನೆಲ ಬೇಕು, ಬೆನ್ನ ಹಿಂದೆ ಹಿಡಿಯಲು ಕಂಬಿ ಬೇಕು, ನಿಂತು ನೋಡುವ ನಾಲ್ಕು ಜನ ಬೇಕು. ಮೊಬೈಲಿನಲ್ಲಿ ಇದೆಲ್ಲ ಎಲ್ಲಿದೆ, ನೀವೇ ಹೇಳಿ.

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ 2006ರಲ್ಲಿ ಮಕ್ಕಳ ಬೊಜ್ಜು ಕರಗಿಸಲು ಇದೇ ಆಟವನ್ನು ಸರ್ಕಾರಿ ಶಾಲೆಗಳಿಗೆ ತರಲು ಹೊರಟರು. (ನಮ್ಮಲ್ಲಿ ಆಟದ ಪಿರಿಯಡ್ಡನ್ನು ಗಣಿತ ನುಂಗುತ್ತದೆ.)

ಅಪಾಯವಿರುವುದು ಜಾಗಕ್ಕೆ. ಕೋವಿಡ್ ಹೊಡೆತಕ್ಕೆ ಸಿಕ್ಕ ಸೆಗಾ ಕಂಪೆನಿ 2020ರಲ್ಲಿ ತನ್ನ ಆಟದಂಗಡಿ ವ್ಯವಹಾರದ ಬಹುಪಾಲನ್ನು ಮಾರಿತು. ಹೀಗೆ ಅಂಗಡಿಗಳೇ ಇಲ್ಲವಾದರೆ ಹುಡುಗಿಯರು ಎಲ್ಲಿ ಕುಣಿಯಬೇಕು? ಮಲಗುವ ಕೋಣೆಯಲ್ಲಿ, ಕೆಳಗಿನ ಮನೆಯವರಿಗೆ ಸದ್ದಾಗದ ಹಾಗೆಯೇ?